ಜ್ವರ ಬಂದವನಿಗೆ ಬೊಂಡ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ಗ್ರಾಮೀಣ ವಾಚನಾಲಯದಲ್ಲಿ ಭಾನುವಾರ ಮಧ್ಯಾಹ್ನ ಮಾತಾಡಿದ್ದು. ಬರೆಯುವಾಗ ಲೆಕ್ಕಗಳನ್ನು ಪುಸ್ತಕ ನೋಡಿ ಸರಿಮಾಡಿದ್ದೇನೆ. ನಡುವೆ ಮಳೆ ಜೋರಾಗಿ, ಶೀಟಿನ ಸದ್ದಿನಲ್ಲಿ ಯಾರಿಗೂ ಕೇಳಿಸದೆ ಹೋದ ಹತ್ತು ನಿಮಿಷದ ಮಾತನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾಸ್ಟ್ರು ನನ್ನನ್ನು ಪರಿಚಯಿಸುವಾಗ "ಲೇಖಕಿ ಮತ್ತು ಪ್ರಕಾಶಕಿ" ಎಂದರು. ಹಿಂದಿನ ಸಾಲಿನಲ್ಲಿ ಕೂತ ನಮ್ಮ ಭಾವ ನಕ್ಕದ್ದು ಇಲ್ಲಿಗೇ ಕಾಣಿಸಿತು. ಆ ಪ್ರಕಾಶನ ಇರುವುದು ನಮ್ಮ ಮನೆಯ ಅಟ್ಟದಲ್ಲಿ, ಅಡಿಕೆ ಗೋಣಿಗಳ ಪಕ್ಕದಲ್ಲಿ ಅಂತ ಅವರಿಗೆ ಗೊತ್ತುಂಟು. ಸಿಬ್ಬಂದಿ ಮೂರೇ ಜನ. ನಾನು, ನನ್ನ ಅತ್ತೆ, ರಜೆ ಇದ್ದಾಗ ಮಗಳು. ಸಂಬಳ ಯಾರಿಗೂ ಇಲ್ಲ. ಅತ್ತೆಗೆ ಮಾತ್ರ ಪಾರ್ಸೆಲ್ ಕಟ್ಟಿದ ದಿನ ಪೇಟೆಯಿಂದ ಎರಡು ಕಟ್ಟು ವೀಳ್ಯದೆಲೆ ತಂದುಕೊಡಬೇಕು.

ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡುವವರ ದಿನ ಹೇಗಿರುತ್ತದೆ ಅಂತ ಹೇಳಬೇಕಂತೆ. ಹೇಳುತ್ತೇನೆ. ಆದರೆ ಆ ದಿನಚರಿಯ ಒಳಗೆ ನನಗೂ ನನಗೂ ಒಂದು ತಗಾದೆ ಉಂಟು. ನಿಜ ಹೇಳಬೇಕಾದರೆ ಅದನ್ನು ಹೇಳಲಿಕ್ಕೇ ಒಪ್ಪಿಕೊಂಡು ಬಂದದ್ದು.

ನಾಲ್ಕೂವರೆಗೆ ಏಳುತ್ತೇನೆ. ಚಾವಡಿಯ ಮೂಲೆಯಲ್ಲಿ ಮಗಳ ಹಳೆಯ ಓದುವ ಮೇಜು ಉಂಟು, ಅಲ್ಲಿ ಕೂರುತ್ತೇನೆ. ಬರೆಯುವುದು ಇನ್ನೂ ನೋಟ್‌ಬುಕ್ಕಿನಲ್ಲೇ. ಆರು ಗಂಟೆಗೆ ಅತ್ತೆ ಎದ್ದು ಕೊಟ್ಟಿಗೆಯ ದೀಪ ಹಾಕುತ್ತಾರೆ. ಆ ಬೆಳಕು ಕಿಟಕಿಯಲ್ಲಿ ಬಿದ್ದರೆ ನನ್ನ ಸಾಹಿತ್ಯ ಆ ದಿನಕ್ಕೆ ಮುಗಿಯಿತು. ಒಂದೂವರೆ ಗಂಟೆ. ಒಳ್ಳೆಯ ದಿನವಾದರೆ ಒಂದು ಪುಟ. ಕೆಲವು ದಿನ ಒಂದು ವಾಕ್ಯ ಬರೆದು, ಅದನ್ನೇ ಹೊಡೆದು ಹಾಕಿ, ಪುನಃ ಅದನ್ನೇ ಬರೆದು ಏಳುವುದುಂಟು. ಆಮೇಲೆ ದೋಸೆ, ಬುತ್ತಿ, ಬಸ್ಸು. ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆ ನಾನು. ಬರೆದದ್ದನ್ನು ಬಸ್ಸಿನಲ್ಲಿ ಮೊಬೈಲಿಗೆ ಟೈಪ್ ಮಾಡುತ್ತೇನೆ, ಸೀಟು ಸಿಕ್ಕಿದರೆ. ನನ್ನ ಎರಡನೇ ಕಾದಂಬರಿಯ ಅರ್ಧ ಭಾಗಕ್ಕೆ ಕಾರಣ, ಒಂದು ವರ್ಷ ಸೀಟು ಹಿಡಿದಿಟ್ಟ ಒಬ್ಬಳು ಕಾಲೇಜು ಹುಡುಗಿ. ಅರ್ಪಣೆ ಅವಳಿಗೇ ಮಾಡಬೇಕಿತ್ತು. ಆಗ ಹೊಳೆಯಲಿಲ್ಲ.

ಇಷ್ಟು ಬರವಣಿಗೆಯ ಕಥೆ. ಉಳಿದ ಹೊತ್ತೆಲ್ಲ ಪುಸ್ತಕದ ಕಥೆ. ಎರಡೂ ಒಂದೇ ಅಂತ ನಾನು ಅಂದುಕೊಂಡಿದ್ದೆ.

ನಾನೇ ಅಚ್ಚು ಹಾಕಿಸುವ ಯೋಚನೆಗೆ ಯಾಕೆ ಬಂದೆ ಅಂತ ಹೇಳಿಬಿಡುತ್ತೇನೆ. ಮೊದಲನೇ ಕಾದಂಬರಿಯ ಹಸ್ತಪ್ರತಿಯನ್ನು ಒಂದು ಪ್ರಕಾಶನಕ್ಕೆ ಕಳಿಸಿದ್ದೆ. ಹೆಸರು ಬೇಡ. ಅವರು ಓದಿದರು, ಚೆನ್ನಾಗಿಯೇ ಮಾತಾಡಿದರು. ಒಂದೇ ಬೇಡಿಕೆ. "ಪಾತ್ರಗಳ ಮಾತು ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಇರಲಿ ಮೇಡಂ."

ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ನನ್ನ ಕಾದಂಬರಿಯ ಹೆಂಗಸು ಅಡುಗೆ ಮನೆಯಲ್ಲಿ ಹವ್ಯಕ ಮಾತಾಡುತ್ತಾಳೆ. ಅಂಗಳಕ್ಕೆ ಇಳಿದು ಕೆಲಸದವರ ಹತ್ತಿರ ತುಳು. ಗೇಟಿನ ಹತ್ತಿರ ಮೀನಿನ ಸೈಕಲ್ಲಿನವ ದಾರಿ ಕೇಳಿದರೆ ಮಲೆಯಾಳ. ಮಗನ ಶಾಲೆಗೆ ಹೋದರೆ ಪುಸ್ತಕದ ಕನ್ನಡ. ನಮ್ಮಲ್ಲಿ ಎಲ್ಲರೂ ಹೀಗೇ ಅಲ್ವಾ? ಸಪ್ತಭಾಷೆಯ ನಾಡು ಅಂತ ಭಾಷಣದಲ್ಲಿ ಹೇಳುತ್ತೇವೆ. ಮನೆಯಲ್ಲಿ ಅದಕ್ಕೆ ಹೆಸರೇ ಇಲ್ಲ, ಸುಮ್ನೆ ಮಾತಾಡುತ್ತೇವೆ. ಆ ಹೆಂಗಸಿಗೆ ಯಾವ ಮಾತಿನಲ್ಲಿ ಧೈರ್ಯ ಬರುತ್ತದೆ, ಯಾವುದರಲ್ಲಿ ನಾಲಿಗೆ ತಡೆಯುತ್ತದೆ ಎಂಬುದೇ ನನ್ನ ಕಥೆ. ಎಲ್ಲವನ್ನೂ ಒಂದೇ ಕನ್ನಡ ಮಾಡಿದರೆ ಅಡುಗೆ ಮನೆಗೂ ಗೇಟಿಗೂ ನಡುವೆ ಇರುವ ದೂರವೇ ಹೋಗಿಬಿಡುತ್ತದೆ. ಆಗುವುದಿಲ್ಲ ಅಂದೆ. ಹಸ್ತಪ್ರತಿ ವಾಪಸ್ ಬಂತು. ಜಗಳ ಏನೂ ಆಗಲಿಲ್ಲ.

ಆಗ ನನಗೆ ಬೇರೆಯವರು ನೆನಪಾದರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ತಲೆಯ ಮೇಲೆ ಹೊತ್ತು ಊರೂರು ನಡೆದು ಮಾರಿದವರು. ನಮಗೆ ಹತ್ತಿರದ ಪುತ್ತೂರಿನಲ್ಲಿ ಕಾರಂತರು ತಾವೇ ಮುದ್ರಣಕ್ಕೆ ಇಳಿದರು, ಮುಖಪುಟವನ್ನೂ ತಾವೇ ಬರೆದರು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ತಮ್ಮ ಪುಸ್ತಕಗಳಿಗಾಗಿ ಚಂದ್ರಗಿರಿ ಪ್ರಕಾಶನ ನಡೆಸಿದರು. ಇವರಿಗೆ ಆದದ್ದು ನನಗೂ ಆದೀತು ಅಂತ ಅಂದುಕೊಂಡೆ. ಗಳಗನಾಥರ ಕತ್ತು ಎಷ್ಟು ನೋಯುತ್ತಿತ್ತು ಅಂತ ಯೋಚನೆ ಮಾಡಲಿಲ್ಲ.

ಮುದ್ರಣಕ್ಕೆ ಮಂಗಳೂರು. ಕಾಸರಗೋಡಿನಿಂದ 50 ಕಿಲೋಮೀಟರು. ನಮ್ಮ ರಾಜಧಾನಿ ತಿರುವನಂತಪುರ 500 ಕಿಲೋಮೀಟರಿಗೂ ಜಾಸ್ತಿ. ಹಾಗಾಗಿ ನಮಗೆ ಮದುವೆ ಸೀರೆಗೂ, ದೊಡ್ಡ ಡಾಕ್ಟರಿಗೂ, ಕನ್ನಡದ ಅಚ್ಚುಕೂಟಕ್ಕೂ ಮಂಗಳೂರೇ. ಅಲ್ಲಿ ಮೊದಲ ದಿನ ಕಲಿತದ್ದು ಫಾರಂ ಲೆಕ್ಕ. ಡೆಮಿ ಅಷ್ಟಕದಲ್ಲಿ, ಅಂದರೆ ಕಾದಂಬರಿಯ ಮಾಮೂಲಿ ಅಳತೆಯಲ್ಲಿ, 16 ಪುಟಕ್ಕೆ ಒಂದು ಫಾರಂ. ನನ್ನ ಕಾದಂಬರಿ 163 ಪುಟ ಬಂದಿತ್ತು. ಹತ್ತು ಫಾರಮಿಗೆ ಮೂರು ಪುಟ ಜಾಸ್ತಿ. ಆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಹಾಕಬೇಕು, ಇಲ್ಲ ಮೂರು ಪುಟ ಕಡಿಯಬೇಕು. ಆ ರಾತ್ರಿ ಕೂತು ಒಂದು ಮಳೆಯ ವರ್ಣನೆ ತೆಗೆದೆ, ಒಂದು ಕನಸು ತೆಗೆದೆ. ಯಾವ ವಿಮರ್ಶಕರೂ ಹೇಳದ ಒಳ್ಳೆಯ ಮಾತನ್ನು ಕಾಗದದ ರೇಟು ಹೇಳಿಕೊಟ್ಟಿತು. ಆ ಕನಸು ಬೇಕಾಗಿಯೇ ಇರಲಿಲ್ಲ.

ಆಮೇಲೆ ಅಕ್ಷರದ ಗೋಳು. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಕ್ಷಮಿಸಿ, ಇಲ್ಲಿ ಬರೆಯುವ ಹುಡುಗರು ಕೆಲವರು ಕೂತಿದ್ದಾರೆ. ಮೊಬೈಲಿನಲ್ಲಿ ನಾವು ಟೈಪ್ ಮಾಡುವುದು ಯೂನಿಕೋಡ್, ಅಂದರೆ ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ. ಡಿಟಿಪಿ ಮಾಡುವ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಅಣ್ಣ ಕೆಲಸ ಮಾಡುವುದು ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶದಲ್ಲಿ. ಅದಕ್ಕೆ ಕನ್ನಡ ಯೂನಿಕೋಡ್ ಹಿಡಿಸುವುದಿಲ್ಲ. ಹಾಗಾಗಿ "ನುಡಿ" ಎಂಬ ಫಾಂಟಿಗೆ ಬದಲಿಸಬೇಕು. ಬದಲಿಸುವಾಗ ಅರ್ಕಾವತ್ತು ಎಲ್ಲೆಲ್ಲಿಗೋ ಹೋಗಿ ಕೂರುತ್ತದೆ. ಎರಡು ಪದ ಅಂಟಿಕೊಳ್ಳುತ್ತವೆ. "ಬಸ್‌ಸ್ಟ್ಯಾಂಡ್" ಎಂಬಲ್ಲಿ ಒತ್ತಕ್ಷರದ ಮೇಲೆ ಒತ್ತಕ್ಷರ ಬಂದು ಗೋಪುರ ಆಗುತ್ತದೆ. ಇನ್‌ಡಿಸೈನ್ ಎಂಬ ಹೊಸ ತಂತ್ರಾಂಶದಲ್ಲಿ ಯೂನಿಕೋಡ್ ನೇರ ಹಾಕಬಹುದು. ಆದರೆ ಆ ಅಣ್ಣನಿಗೆ ಪೇಜ್‌ಮೇಕರ್ ಕೈಗೆ ಹತ್ತಿದೆ, ನನಗೆ ಆ ಅಣ್ಣನ ರೇಟು ಹತ್ತಿದೆ.

ಇದಕ್ಕಿಂತ ದೊಡ್ಡ ಗೋಳು ಒಂದು ಅಕ್ಷರದ್ದು. ಮಲೆಯಾಳದಲ್ಲಿ ಮಳೆಗೆ, ಹಣ್ಣಿಗೆ, ಕೋಳಿಗೆ ಬರುವ ಆ ಒಂದು ಸದ್ದು. ನಾಲಿಗೆ ಹಿಂದಕ್ಕೆ ಮಡಚಿ ಹೇಳುವುದು. ಕನ್ನಡದಲ್ಲಿ ಅದನ್ನು ಕೆಲವರು "ಝ" ಬರೆಯುತ್ತಾರೆ, ಕೆಲವರು "ಳ" ಬರೆಯುತ್ತಾರೆ. ಎರಡೂ ಅಲ್ಲ. ಹಳಗನ್ನಡದಲ್ಲಿ ಅದಕ್ಕೆ ಅಕ್ಷರ ಇತ್ತು, ೞ. ಶಾಸನಗಳಲ್ಲಿ ಉಂಟು, ಆಮೇಲೆ ಬಳಕೆ ತಪ್ಪಿತು. ನನ್ನ ಕಾದಂಬರಿಯ ಮಲೆಯಾಳಿ ಅಜ್ಜಿ "ಮೞ" ಅನ್ನಬೇಕು, ಹಾಗೇ ಅಚ್ಚಾಗಬೇಕು ಅಂತ ನನ್ನ ಹಟ. ಡಿಟಿಪಿ ಅಣ್ಣ ಅವನ ಫಾಂಟಿನಲ್ಲಿ ಎಲ್ಲ ಕೀಲಿ ಒತ್ತಿ ನೋಡಿದ. ಸಿಗಲಿಲ್ಲ. "ಅಕ್ಕ, ಇದು ಸತ್ತ ಅಕ್ಷರ" ಅಂದ. "ಗಡಿಯಿಂದ ಆಚೆ ಬಾ, ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕೇಳಿಸ್ತದೆ" ಅಂದೆ. ಯೂನಿಕೋಡಿನಲ್ಲಿ ಈ ಅಕ್ಷರಕ್ಕೆ ಜಾಗ ಉಂಟು. ಆದರೆ ಅದರ ಹೆಸರನ್ನು ತಪ್ಪಾಗಿ "ಫ" ಅಂತ ಇಟ್ಟಿದ್ದಾರೆ. ಯೂನಿಕೋಡಿನಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಪದ್ಧತಿ ಇಲ್ಲ. ಹಾಗಾಗಿ ಆ ತಪ್ಪು ಹೆಸರಿನಲ್ಲೇ ಅದು ಉಳಿದಿದೆ. ನಮ್ಮ ಕಡೆ ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾದವರ ಹಾಗೆ. ಕೊನೆಗೆ ಆ ಅಣ್ಣ ಅಕ್ಷರವನ್ನು ಚಿತ್ರದ ಹಾಗೆ ಕತ್ತರಿಸಿ 31 ಕಡೆ ಅಂಟಿಸಿದ. ಅವನಿಗೆ ಒಂದು ಗೊನೆ ಕದಳಿ ಬಾಳೆ ಕೊಟ್ಟೆ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರಿನ ಬಗ್ಗೆ ಯಾರೋ ಆಗಲೇ ಕೇಳಿದಿರಿ. ಅದಕ್ಕೆ ದುಡ್ಡಿಲ್ಲ. ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಆನ್‌ಲೈನ್ ಅರ್ಜಿ, ಲೇಖಕರೇ ಹಾಕಬಹುದು. ಯಾರಾದರೂ ಇದಕ್ಕೆ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ. ಇನ್ನೊಂದು ಕಾನೂನು ಜಾಸ್ತಿ ಜನಕ್ಕೆ ಗೊತ್ತಿಲ್ಲ. 1954ರ ಕಾಯ್ದೆ ಪ್ರಕಾರ ಪುಸ್ತಕ ಮಾಡಿದವರು 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ದೆಹಲಿ, ಮುಂಬೈ, ಚೆನ್ನೈಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಸ್ವಂತ ಖರ್ಚಿನಲ್ಲಿ ಕಳಿಸಬೇಕು. ಚೆನ್ನೈಯ ಕನ್ನೆಮರಾ ಗ್ರಂಥಾಲಯದ ವಿಳಾಸ ಬರೆಯುತ್ತಿದ್ದಾಗ ಅತ್ತೆ ನೋಡಿದರು. "ಮದ್ರಾಸಿಗಾ?" ಅಂದರು. ಅವರು ಹುಟ್ಟಿದ್ದು 1944ರಲ್ಲಿ. ಆಗ ನಮ್ಮ ಊರು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ. 1956ರ ನವೆಂಬರ್ 1ಕ್ಕೆ ಕೇರಳ ಆಯಿತು. ಅವರ ಅಪ್ಪ ಕಂದಾಯದ ಕಾಗದವನ್ನೆಲ್ಲ ಮದ್ರಾಸಿನ ಕಡೆಗೇ ಕಳಿಸುತ್ತಿದ್ದರಂತೆ. ಆ ಒಂದು ಪಾರ್ಸೆಲ್ಲನ್ನು ಅತ್ತೆ ಯಾರಿಗೂ ಕೊಡದೆ ತಾವೇ ಕಟ್ಟಿದರು, ಎರಡು ಸುತ್ತು ದಾರ ಜಾಸ್ತಿ ಹಾಕಿ.

ಮೊದಲ ಪುಸ್ತಕ ಅಚ್ಚಾಗಿ ಮುಗಿದದ್ದು 2020ರ ಮಾರ್ಚಿನಲ್ಲಿ. ಆ ಮಾರ್ಚ್ ನಿಮಗೆಲ್ಲ ಗೊತ್ತುಂಟಲ್ಲ. ಪುಸ್ತಕ ಮಂಗಳೂರಿನಲ್ಲಿ, ನಾನು ಇಲ್ಲಿ, ನಡುವೆ ತಲಪಾಡಿ. ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದರು. ಆಸ್ಪತ್ರೆಗೆ ಹೋಗಬೇಕಾದವರಿಗೇ ದಾರಿ ಇರಲಿಲ್ಲ. ನನ್ನ ಹತ್ತು ಕಟ್ಟಿನ ಗೋಳು ಹೇಳಲಿಕ್ಕೆ ಬಾಯಿ ಬರಲಿಲ್ಲ. ಡಿಟಿಪಿ ಅಣ್ಣ ಫೋನಿನಲ್ಲಿ ಮುಖಪುಟದ ಫೋಟೋ ಕಳಿಸಿದ. ನನ್ನ ಪುಸ್ತಕವನ್ನು ನಾನು ಮುಟ್ಟಿದ್ದು ತಿಂಗಳುಗಳ ನಂತರ, ಒಬ್ಬರ ತರಕಾರಿ ಪಿಕಪ್ಪಿನಲ್ಲಿ ಬಂದಾಗ. ಮೇಲಿನ ಕಟ್ಟಿಗೆ ನೀರುಳ್ಳಿ ವಾಸನೆ.

ಅದನ್ನು ಅಟ್ಟಕ್ಕೆ ಏರಿಸಿದೆವು. ನಮ್ಮ ಮಳೆಗಾಲಕ್ಕೆ ಕಾಗದ ಇಡುವುದು ಹೇಗೆ ಅಂತ ಯಾವ ಲೇಖನ ಕಮ್ಮಟದಲ್ಲೂ ಹೇಳಿಕೊಡುವುದಿಲ್ಲ. ಅಡಿಕೆ ಇಟ್ಟ ಹಾಗೆ ಇಟ್ಟರೆ ಸಾಕು ಅಂದುಕೊಂಡೆ. ಆಷಾಢದಲ್ಲಿ ಬೂಷ್ಟು ಬಂತು, ಅದನ್ನು ಒರೆಸಿದೆ. ಸೋಣೆಯಲ್ಲಿ ಒಂದು ದಿನ ಕೆಳಗಿನ ಕಟ್ಟು ಎತ್ತಿದರೆ ಹಗುರ. ಒರಲೆ. ಒಳಗಿಂದ ತಿಂದು ಮುಖಪುಟ ಮಾತ್ರ ಬಿಟ್ಟಿತ್ತು. ಮುಖಪುಟಕ್ಕೆ ಲ್ಯಾಮಿನೇಷನ್ ಮಾಡಿಸಿದ್ದೆನಲ್ಲ. 60 ಪ್ರತಿ ಹೋಯಿತು. ನನ್ನ ಕಾದಂಬರಿಯನ್ನು ಪೂರ್ತಿ ಓದಿದವರು ಅಂತ ಧೈರ್ಯವಾಗಿ ಹೇಳಬಹುದಾದದ್ದು ಆ ಒರಲೆಗಳನ್ನು ಮಾತ್ರ. ಈಗ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡುತ್ತೇನೆ. 500ರ ಬದಲು 300 ಮಾಡಿಸುತ್ತೇನೆ. ಪ್ರತಿಯ ಮೇಲಿನ ಖರ್ಚು ಜಾಸ್ತಿ, ಆದರೆ ಒರಲೆಗೆ ಪಾಲು ಕಮ್ಮಿ.

ಲೆಕ್ಕ ಕೇಳಿದಿರಿ. ಬ್ಯಾಂಕಿನವಳು, ಮುಚ್ಚಿಡುವುದಿಲ್ಲ. ಮೊದಲ ಪುಸ್ತಕ 500 ಪ್ರತಿ. ಮುದ್ರಣ 36,000. ಮುಖಪುಟದ ಚಿತ್ರಕ್ಕೆ 3,000. ಪ್ರೂಫ್ ನೋಡಿದವರಿಗೆ 4,000. ಕಾಗದ, ದಾರ, ಅಂಟು ಎಲ್ಲ 2,100. ಒಟ್ಟು 45,100. ಬೆಲೆ 150. ನೇರ ಮಾರಿದ್ದು 290, ಅಂಚೆ ಖರ್ಚು ಓದುಗರದ್ದೇ. ಅಂಗಡಿಗಳಿಗೆ ಕೊಟ್ಟದ್ದು 110, ಅವರಿಗೆ 40 ಶೇಕಡಾ. ಅದರಲ್ಲಿ 70ರ ದುಡ್ಡು ಬಂತು. ಉಳಿದ 40ರ ದುಡ್ಡು ಕೇಳಲಿಕ್ಕೆ ಹೋದಾಗ ಅಂಗಡಿಯೇ ಇರಲಿಲ್ಲ, ಅಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು. ಗೌರವ ಪ್ರತಿ, ಕಾನೂನಿನ ಪ್ರತಿ ಸೇರಿ 38. ಒರಲೆ 60. ಉಳಿದದ್ದು 2. ಬಂದ ಹಣ 49,800. ಲಾಭ 4,700. ಮೂರು ವರ್ಷಕ್ಕೆ. ದಿನಕ್ಕೆ ನಾಲ್ಕು ರೂಪಾಯಿ ಚಿಲ್ಲರೆ ಬೀಳುತ್ತದೆ. ನಮ್ಮ ಬಸ್ಸಿನ ಮಿನಿಮಂ ಚಾರ್ಜೇ ಈಗ ಹತ್ತು.

ಗ್ರಂಥಾಲಯ ಖರೀದಿಗೆ ಅರ್ಜಿ ಹಾಕಿದ ಕಥೆ ಬೇಡ. ಹಾಕಿದ್ದೇನೆ. ಅಷ್ಟೇ.

ಹೊಟ್ಟೆಕಿಚ್ಚಿನ ಒಂದು ಮಾತು ಹೇಳಲೇ? ನನ್ನ ಪಕ್ಕದ ಕೌಂಟರಿನಲ್ಲಿ ಕೂರುವವರು ಮಲೆಯಾಳದಲ್ಲಿ ಕಥೆ ಬರೆಯುತ್ತಾರೆ. ಒಂದೇ ಬ್ಯಾಂಕು, ಒಂದೇ ಚಹಾ. 2016ರಲ್ಲಿ ಅಮೆಜಾನಿನ ಇ-ಪುಸ್ತಕದ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆಯಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲೆಯಾಳ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನನ್ನ ಮೊದಲ ಪುಸ್ತಕ ಬಂದ ಮೇಲೆ ಅವರು ಒಂದು ಭಾನುವಾರ ಮನೆಯಲ್ಲಿ ಕೂತು ತಮ್ಮ ಕಥೆಗಳನ್ನು ಹಾಕಿದರು, ಸೋಮವಾರ ನನಗೆ ತೋರಿಸಿದರು. ನಾನು ಆ ವಾರ ಒಂದು ಕಟ್ಟು ಪುಸ್ತಕ ಸೊಂಟಕ್ಕೆ ಆನಿಸಿಕೊಂಡು ಕುಂಬಳೆಯಲ್ಲಿ ಬಸ್ ಬದಲಿಸುತ್ತಿದ್ದೆ. ಈಗ ಗೂಗಲ್ ಪ್ಲೇ ಬುಕ್ಸಿನಲ್ಲಿ ಕನ್ನಡ ಹಾಕಬಹುದು, ಇ-ಪುಸ್ತಕದ ಮೈಲ್ಯಾಂಗ್ ಆ್ಯಪ್ ಉಂಟು, ಪ್ರತಿಲಿಪಿಯಲ್ಲಿ ಧಾರಾವಾಹಿ ಬರೆಯುವವರು ತುಂಬ ಜನ. ನನ್ನ ಎರಡನೆಯದನ್ನು ಇ-ಪುಸ್ತಕ ಮಾಡಿದ್ದೇನೆ. ಮಾರಾಟ ಅಷ್ಟಕ್ಕಷ್ಟೇ.

ಅವರಿಗೆ ಇನ್ನೊಂದು ಜಂಬ ಉಂಟು. 1945ರಲ್ಲಿ ಕೋಟ್ಟಯಂನಲ್ಲಿ 12 ಜನ ಬರಹಗಾರರು 120 ರೂಪಾಯಿ ಬಂಡವಾಳ ಹಾಕಿ ತಮ್ಮದೇ ಸಹಕಾರಿ ಸಂಘ ಕಟ್ಟಿದರು. ಪುಸ್ತಕ ಮಾಡಿದರು, ಮಾರಿದರು, ಬರೆದವರಿಗೆ 30 ಶೇಕಡಾ ರಾಯಲ್ಟಿ ಕೊಟ್ಟರು. ನಮ್ಮಲ್ಲಿ ಹತ್ತು ಸಿಕ್ಕಿದರೆ ಒಳ್ಳೆಯದು. ನಾನು ಸಹಕಾರಿ ಬ್ಯಾಂಕಿನಲ್ಲೇ ಇರುವವಳು. ಅಡಿಕೆ ಬೆಳೆಗಾರರಿಗೆ, ಹಾಲು ಹಾಕುವವರಿಗೆ ಸಂಘ ಉಂಟು. ಕನ್ನಡ ಬರೆಯುವ ನಾವು ಹತ್ತು ಜನ ಸೇರಿ ಒಂದು ಗೋದಾಮು, ಒಬ್ಬ ಹುಡುಗನನ್ನು ಇಟ್ಟುಕೊಳ್ಳಲಿಕ್ಕೆ ಆಗದೆ ಹತ್ತು ಅಟ್ಟಗಳಲ್ಲಿ ಒರಲೆ ಸಾಕುತ್ತಿದ್ದೇವೆ. ಇದನ್ನು ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಸರಿ, ಅಂಚೆಗೆ ಬರುತ್ತೇನೆ. ಅದೇ ನನ್ನ ದಿನದ ನಡು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಪಾರ್ಸೆಲ್ ಹಿಡಿದುಕೊಂಡು ಹೋಗುವುದು. ಒಂದು ಪುಸ್ತಕ ಕಾಗದ ಸುತ್ತಿದ ಮೇಲೆ 215 ಗ್ರಾಂ. 2024ರ ಡಿಸೆಂಬರಿನಲ್ಲಿ, ಕಡಿಮೆ ದರಕ್ಕೆ ಪುಸ್ತಕ ಕಳಿಸುವ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತುಹೋದಾಗ ನನ್ನಂಥವರ ಎದೆ ಧಸಕ್ಕೆಂದಿತು. ಪುಸ್ತಕದ ಬೆಲೆಯ ಅರ್ಧದಷ್ಟು ಅಂಚೆಗೇ ಕೊಡಿ ಅಂತ ಯಾರಿಗೆ ಹೇಳುವುದು? 2025ರ ಮೇ 1ರಿಂದ ಪುಸ್ತಕಗಳಿಗೆ ಜ್ಞಾನ ಪೋಸ್ಟ್ ಬಂತು, 300 ಗ್ರಾಮಿನವರೆಗೆ 20 ರೂಪಾಯಿ, ಮೇಲೆ ತೆರಿಗೆ. ಮೊದಲ ದಿನ ಕೌಂಟರಿನಲ್ಲಿದ್ದ ಚೇಚಿ ಪುಸ್ತಕ ತಿರುಗಿಸಿ ನೋಡಿ, "ಇದು ಕಾದಂಬರಿ ಅಲ್ವಾ, ಜ್ಞಾನ ಆಗ್ತದಾ?" ಅಂತ ಮಲೆಯಾಳದಲ್ಲಿ ಕೇಳಿದರು. ತಮಾಷೆಗೆ ಕೇಳಿದ್ದೋ ನಿಜಕ್ಕೆ ಕೇಳಿದ್ದೋ ಗೊತ್ತಾಗಲಿಲ್ಲ. ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಮುದ್ರಕರ ಹೆಸರು ತೋರಿಸಿದೆ, ತೂಕ ಹಾಕಿದರು, ಕಳಿಸಿದರು.

ಪಾರ್ಸೆಲ್ ಸುತ್ತುವುದು ಮನೆಗೆ ಬರುವ ಪೇಪರಿನಲ್ಲಿ. ಒಳಗೆ ಮಲೆಯಾಳ ಪತ್ರಿಕೆ, ಹೊರಗೆ ಖಾಕಿ ಕಾಗದ. ಶಿವಮೊಗ್ಗದ ಒಬ್ಬರು ಪುಸ್ತಕದ ಬಗ್ಗೆ ಒಂದಕ್ಷರ ಬರೆಯದೆ, "ಒಳಗಿನ ಪೇಪರಿನಲ್ಲಿ ಆನೆಯ ಫೋಟೋ ಇತ್ತು, ಅದಕ್ಕೆ ಏನಾಯಿತು?" ಅಂತ ಕೇಳಿದರು. ಹಾಸನದ ಒಬ್ಬರು ಕಳಿಸಿದವರ ವಿಳಾಸದಲ್ಲಿ 671ರಿಂದ ಶುರುವಾಗುವ ಪಿನ್ ಕೋಡ್, ಕೇರಳ ಅಂತ ನೋಡಿ ಫೋನ್ ಮಾಡಿದರು. "ಮೇಡಂ, ನಿಮಗೆ ಕನ್ನಡ ಬರುತ್ತಾ?" ಕನ್ನಡ ಕಾದಂಬರಿ ಅವರ ಕೈಯಲ್ಲೇ ಇತ್ತು.

ವಿಳಾಸವನ್ನು ಕೈಯಲ್ಲೇ ಬರೆಯುತ್ತೇನೆ. ಪ್ರಿಂಟ್ ಹಾಕಬಹುದು, ಮಗಳು ಎಷ್ಟು ಸಲ ಹೇಳಿದ್ದಾಳೆ. ಆದರೆ ಹಾಗೆ ಬರೆದೂ ಬರೆದೂ ನನ್ನ ಓದುಗರು ನನಗೆ ಬೀದಿ, ಅಡ್ಡರಸ್ತೆ, ನೀರಿನ ಟ್ಯಾಂಕ್ ಹತ್ತಿರ ಅಂತ ಗುರುತಾಗಿದ್ದಾರೆ. ದೊಡ್ಡ ಪ್ರಕಾಶನದಲ್ಲಿ ಬರೆಯುವವರಿಗೆ ಇದು ಸಿಗಲಿಕ್ಕಿಲ್ಲ. ನನಗೆ ಇದೊಂದು ಸುಖ ಅಂತ ಕಾಣುತ್ತಿತ್ತು. ತಗಾದೆ ಶುರುವಾದದ್ದೂ ಇಲ್ಲಿಂದಲೇ.

ಬೆಂಗಳೂರಿನ ಒಬ್ಬರು, ತುಂಬ ಒಳ್ಳೆಯ ಓದುಗರು, ಮೂರು ಪ್ರತಿ ತರಿಸಿ ಗೆಳೆಯರಿಗೆ ಕೊಟ್ಟವರು. ಒಂದು ರಾತ್ರಿ ಫೋನ್ ಮಾಡಿದರು. "ಎಲ್ಲ ಚೆನ್ನಾಗಿದೆ. ಆದರೆ ಒಂದು ಕಡೆ ದೊಡ್ಡ ತಪ್ಪಾಗಿದೆ. ಮೂರು ದಿನದಿಂದ ಜ್ವರ ಬಂದು ಮಲಗಿದವನಿಗೆ ತಾಯಿ ಬೊಂಡ ಕೊಡುತ್ತಾಳೆ. ಎಣ್ಣೆಯಲ್ಲಿ ಕರಿದದ್ದನ್ನು ಯಾರಾದರೂ ಕೊಡುತ್ತಾರಾ?"

ನೀವು ನಕ್ಕಿರಿ. ನಾನೂ ನಕ್ಕೆ. ನಮಗೆ ಬೊಂಡ ಅಂದರೆ ಎಳನೀರು. ಅವರಿಗೆ ಆಲೂಗಡ್ಡೆ. ವಿವರಿಸಿದೆ, ಅವರೂ ನಕ್ಕರು. ಫೋನ್ ಇಟ್ಟ ಮೇಲೆ ನನಗೆ ನಗು ನಿಂತಿತು. ಇನ್ನೂರೈವತ್ತು ಮನೆಗಳಲ್ಲಿ ನನ್ನ ಜ್ವರದ ಹುಡುಗ ಆಲೂ ಬೋಂಡ ತಿನ್ನುತ್ತಿದ್ದಾನೆ ಅಂತ ಚಿತ್ರ ಬಂತು.

ಎರಡನೇ ಕಾದಂಬರಿ ಬರೆಯುವಾಗ ಗಮನಿಸಿದೆ. ಬೆಳಗಿನ ಐದು ಗಂಟೆಗೆ, ನೋಟ್‌ಬುಕ್ಕಿನಲ್ಲಿ, ನಾನು "ಬೊಂಡ" ಅಂತ ಬರೆದು ಹೊಡೆದು "ಎಳನೀರು" ಅಂತ ಮಾಡಿದ್ದೆ. "ಒರಲೆ" ಹೊಡೆದು "ಗೆದ್ದಲು". ಹವ್ಯಕದ ಒಂದು ಉದ್ದದ ಜಗಳ ಇತ್ತು, ಅದನ್ನು ಎರಡೇ ವಾಕ್ಯಕ್ಕೆ ಇಳಿಸಿದ್ದೆ. ಯಾರೂ ಹೇಳಿರಲಿಲ್ಲ. ವಿಳಾಸಗಳು ಹೇಳಿದ್ದವು. ಬೆಂಗಳೂರು ಅರವತ್ತು, ಮೈಸೂರು ಇಪ್ಪತ್ತೆರಡು, ಕಾಸರಗೋಡು ಜಿಲ್ಲೆ ಮೂವತ್ತೈದು ಅಂತ ರಾತ್ರಿ ಲೆಕ್ಕ ಬರೆಯುವವಳು ಬೆಳಿಗ್ಗೆ ನನ್ನ ಪಕ್ಕ ಬಂದು ಕೂತಿದ್ದಳು. ಯಾವ ಮಾತಿಗೆ ಒಂದು ಪ್ರಕಾಶನದಿಂದ ಹಸ್ತಪ್ರತಿ ವಾಪಸ್ ತಂದಿದ್ದೆನೋ ಅದೇ ಮಾತನ್ನು ಈಗ ಹೇಳುತ್ತಿದ್ದವಳು ನನ್ನದೇ ನೈಟಿ ಹಾಕಿಕೊಂಡಿದ್ದಳು. ಆ ಪ್ರಕಾಶಕರಾದರೆ ಫೋನಿನಲ್ಲಿ ಒಮ್ಮೆ ಹೇಳಿ ಸುಮ್ಮನಾಗಿದ್ದರು. ಇವಳು ದಿನಾ ಬರುತ್ತಿದ್ದಳು.

ರಾಜಿ ಮಾಡಿಕೊಂಡೆ. ಮಾತುಗಳನ್ನು ಹಾಗೇ ಬಿಟ್ಟು ಕೊನೆಗೆ ಮೂರು ಪುಟ ಪದಗಳ ಅರ್ಥ ಹಾಕಿದೆ. ಫಾರಂ ಲೆಕ್ಕಕ್ಕೂ ಮೂರು ಪುಟ ಖಾಲಿ ಇತ್ತು, ಅದೂ ನಿಜ. ಪುಸ್ತಕ ಬಂದ ದಿನ ಅತ್ತೆ ಎಂದಿನಂತೆ ಹಿಂದಿನಿಂದ ತೆರೆದರು. ಅವರು ಯಾವ ಪುಸ್ತಕವನ್ನೂ ಹಿಂದಿನಿಂದಲೇ ತೆರೆಯುವುದು. ಕನ್ನಡಕ ಸರಿಮಾಡಿಕೊಂಡು ಆ ಮೂರು ಪುಟ ಪೂರ್ತಿ ಓದಿದರು. ಆಮೇಲೆ, "ಇದು ಆರಿಂಗೆ?" ಅಂತ ಕೇಳಿದರು. ಹೊರಗಿನವರಿಗೆ ಅಂದೆ. "ಅಕ್ಕು" ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, ನಾವು ಸಣ್ಣವರಿದ್ದಾಗ ಓದಿದ ಕಾದಂಬರಿಗಳಲ್ಲಿ ಧಾರವಾಡದ ಮಾತು ಬರುತ್ತಿತ್ತಲ್ಲ, ಮೈಸೂರಿನ ಮಾತು ಬರುತ್ತಿತ್ತಲ್ಲ, ಅದಕ್ಕೆ ಅರ್ಥ ಯಾವ ಪುಟದಲ್ಲಿ ಇತ್ತು?

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಸರಿಯಾದ ಉತ್ತರ ಇಲ್ಲ. ನಾನು ಓದಿದ ಕನ್ನಡ ಶಾಲೆಯ ತರಗತಿಯಲ್ಲಿ ನಲವತ್ತು ಮಕ್ಕಳಿದ್ದೆವು. ಮಗಳ ತರಗತಿಯಲ್ಲಿ ಹನ್ನೊಂದು. ಈ ಮಾತುಗಳನ್ನು ಅರ್ಥ ನೋಡದೆ ಓದುವವರು ಕಮ್ಮಿಯಾಗುತ್ತಿದ್ದಾರೆ ಅಂತ ನನ್ನ ಲೆಕ್ಕದ ಪುಸ್ತಕವೇ ಹೇಳುತ್ತದೆ. ಅವರಿಗೆ ಮಾತ್ರ ಬರೆದರೆ 300 ಪ್ರತಿ ಅಟ್ಟದಿಂದ ಇಳಿಯುವುದಿಲ್ಲ. ಬೇರೆಯವರಿಗೆ ಬರೆದರೆ ಅಟ್ಟ ಖಾಲಿಯಾಗುತ್ತದೆ, ಆದರೆ ಬರೆದದ್ದು ನಾನಾ ಅಂತ ಸಂಶಯ.

ಹಾಗಾಗಿ ಮನೆಯಲ್ಲಿ ಈಗ ಒಂದು ಏರ್ಪಾಡು ಉಂಟು. ಲೆಕ್ಕದ ಪುಸ್ತಕ, ವಿಳಾಸದ ಪುಸ್ತಕ, ಮೊಬೈಲು, ಮೂರೂ ರಾತ್ರಿ ಒಂಬತ್ತೂವರೆಗೆ ಅತ್ತೆಯ ಕೋಣೆಯ ಕಪಾಟಿಗೆ ಹೋಗುತ್ತವೆ. ಬೀಗದ ಕೈ ಅವರ ಸೊಂಟದಲ್ಲಿ. ಅವರು ಏಳುವುದು ಆರಕ್ಕೆ. ಅದಕ್ಕೆ ಮೊದಲು ಕೇಳಿದರೆ ಕೊಡುವುದಿಲ್ಲ. ಒಮ್ಮೆ ಪ್ರೂಫ್ ಕಳಿಸುವ ತುರ್ತು ಅಂತ ಕೇಳಿ ಬೈಸಿಕೊಂಡಿದ್ದೇನೆ. ಇದು ಮಕ್ಕಳಿಗೆ ಮಾಡುವ ಉಪಾಯ ಅಂತ ನಿಮಗೆ ಅನ್ನಿಸಬಹುದು. ಹೌದು. ಪೂರ್ತಿ ಕೆಲಸ ಮಾಡುತ್ತದೆ ಅಂತಲೂ ಹೇಳುವುದಿಲ್ಲ, ಪಿನ್ ಕೋಡುಗಳು ಬಾಯಿಪಾಠ ಆಗಿವೆ.

ಮೂರನೇ ಕಾದಂಬರಿಯಲ್ಲಿ ಪದಗಳ ಅರ್ಥ ಇಲ್ಲ. ಬೊಂಡ ಬೊಂಡವೇ. ಆ ಸತ್ತ ಅಕ್ಷರ 54 ಕಡೆ ಉಂಟು, ಡಿಟಿಪಿ ಅಣ್ಣನಿಗೆ ಈ ಸಲ ಎರಡು ಗೊನೆ. ಕೊನೆಯ ಪುಟದಲ್ಲಿ ಅರ್ಥದ ಬದಲು ಫೋನ್ ನಂಬರ್ ಹಾಕಿ, ಸಂಜೆ ಏಳರಿಂದ ಒಂಬತ್ತು ಅಂತ ಬರೆದಿದ್ದೇನೆ. ಗದಗದ ಒಬ್ಬರು ನಿವೃತ್ತ ಮೇಷ್ಟ್ರು ದಿನಕ್ಕೆ ಒಂದು ಅಧ್ಯಾಯದ ಲೆಕ್ಕದಲ್ಲಿ ಓದುತ್ತಿದ್ದಾರೆ. ದಿನಾ ಎಂಟಕ್ಕೆ ಫೋನ್ ಬರುತ್ತದೆ. ನಾನು ಅಡುಗೆ ಮನೆಯಲ್ಲಿದ್ದರೆ ಅತ್ತೆ ತೆಗೆಯುತ್ತಾರೆ. ಅವರ ಗದಗದ ಕನ್ನಡ ಅತ್ತೆಗೆ ಅರ್ಧ ತಿಳಿಯುವುದಿಲ್ಲ, ಅತ್ತೆಯದ್ದು ಅವರಿಗೆ ಅರ್ಧ. ಮೊನ್ನೆ ಇಪ್ಪತ್ತು ನಿಮಿಷ ಮಾತಾಡಿದರು. ಎಂತ ಅಂತ ಕೇಳಿದರೆ, ಅವರಲ್ಲಿ ಈ ಸಲ ಜೋಳ ಹೇಗೆ ಅಂತ ಕೇಳುತ್ತಿದ್ದೆ ಅಂದರು.

ಮಾಸ್ಟ್ರು ಗಡಿಯಾರ ನೋಡುತ್ತಿದ್ದಾರೆ, ನನಗೂ ಐದೂವರೆಯ ಬಸ್ಸು. ಬಾಗಿಲ ಹತ್ತಿರ ಮೇಜಿನ ಮೇಲೆ ಎರಡನೆಯದು, ಮೂರನೆಯದು ಸೇರಿ ಇಪ್ಪತ್ತೈದು ಪ್ರತಿ ಉಂಟು. ಗೂಗಲ್ ಪೇ ಆಗುತ್ತದೆ, ಆದರೆ ಇಲ್ಲಿ ನೆಟ್‌ವರ್ಕ್ ಇಲ್ಲ, ಚಿಲ್ಲರೆ ಇದ್ದರೆ ಒಳ್ಳೆಯದು. ಮೊದಲನೆಯದು ಬೇಕು ಅಂತ ಆಗಲೇ ಇಬ್ಬರು ಕೇಳಿದಿರಿ. ಉಳಿದದ್ದು ಎರಡೇ. ಒಂದು ಈ ವಾಚನಾಲಯಕ್ಕೆ ಕೊಡಲಿಕ್ಕೆ ತಂದಿದ್ದೇನೆ. ಇನ್ನೊಂದಕ್ಕೆ 43ನೇ ಪುಟದಿಂದ ಆಚೆ ಒಂದು ಸಣ್ಣ ತೂತು ಉಂಟು. ಅದು ಮಾರಲಿಕ್ಕಿಲ್ಲ.